ಮೇಷ್ಟ್ರ ಕೋಣೆಯ ಗುಂಯ್ ಸದ್ದು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಅಕ್ಕ ಟೀ ಲೋಟ ಹಿಡಿದು ತಮ್ಮನ ಕೋಣೆಯ ಬಾಗಿಲು ತಳ್ಳಿದರು.

ತಮ್ಮ ನೆಲದ ಮೇಲೆ ಕೂತಲ್ಲೇ ಒರಗಿಬಿಟ್ಟಿದ್ದರು. ಬಲಗೈ ಆಂಪ್ಲಿಫೈಯರಿನ ಮೇಲಿತ್ತು. ಎಡಗೈ ಕಂಪ್ಯೂಟರಿನ ತಗಡಿನ ಬೆನ್ನಿಗೆ ಒತ್ತಿಕೊಂಡಿತ್ತು. ಪಕ್ಕದಲ್ಲಿ ಸ್ಪಿರಿಟ್ ಬಾಟಲಿ, ಹತ್ತಿಯುಂಡೆ, ಕಿತ್ತಿಟ್ಟ ಒಂದು ವೈರು. ಆಂಪ್ಲಿಫೈಯರಿನ ಹಳದಿ ದೀಪ ಏನೂ ಆಗೇ ಇಲ್ಲ ಅನ್ನುವ ಹಾಗೆ ಉರಿಯುತ್ತಿತ್ತು.

ಅಕ್ಕ ಕೂಗಲಿಲ್ಲ. ಮೇಜಿನ ಮೇಲಿದ್ದ ತಮ್ಮನ ಫೋನ್ ತೆಗೆದು, ಕೊನೆಗೆ ಯಾರ ಜೊತೆ ಮಾತಾಡಿದ್ದರೋ ಆ ನಂಬರ್ ಒತ್ತಿದರು. ಎತ್ತಿದ್ದು ಆಡಿಯೋ ಶೋರೂಮಿನವನು. ಕಾಲು ಗಂಟೆಯಲ್ಲಿ ಬಂದ. ಮೇನ್ ಸ್ವಿಚ್ ಆಫ್ ಮಾಡಿದ. "ಡಾಕ್ಟರನ್ನ ಕರೆತನ್ನಿ ಅಮ್ಮಾ" ಅಂತ ಅಕ್ಕನನ್ನು ಕೆಳಗೆ ಓಡಿಸಿದ.

ಡಾಕ್ಟರ್ ಬಂದರು, ನಾಡಿ ನೋಡಿದರು, ಕೈ ಬಿಟ್ಟರು. ಲೆಕ್ಕದ ಮೇಷ್ಟ್ರು ಐವತ್ತನಾಲ್ಕಕ್ಕೇ ಲೆಕ್ಕ ಮುಗಿಸಿದ್ದರು.

* * *

ಮೇಷ್ಟ್ರ ಗೆಳೆಯನೊಬ್ಬನಿದ್ದ. ರೇಡಿಯೋ, ಟೇಪು, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಮೂವತ್ತು ವರ್ಷ ಸೋಲ್ಡರಿಂಗ್ ಕಡ್ಡಿ ಹಿಡಿದು ಹಿಡಿದು ಎಲ್ಲರ ಬಾಯಲ್ಲೂ ಬೆಸುಗೆಪ್ಪ ಆಗಿಹೋಗಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಕರೆದರೆ ತಿರುಗಿ ನೋಡುತ್ತಲೂ ಇರಲಿಲ್ಲ.

ಅವತ್ತು ಸಂಜೆ ಅವನ ಅಂಗಡಿಗೆ ಸಬ್ ಇನ್ಸ್‌ಪೆಕ್ಟರ್ ಬಂದರು. ಸಣ್ಣಗಿನ ಹೆಂಗಸು. ಮಾತು ಇನ್ನೂ ಸಣ್ಣ. ಬಿಚ್ಚಿಟ್ಟ ರೇಡಿಯೋಗಳ ನಡುವೆ ಜಾಗ ಮಾಡಿಕೊಂಡು ಸ್ಟೂಲಿನ ಮೇಲೆ ಕೂತರು.

"ಮೇಷ್ಟ್ರ ಆಂಪ್ಲಿಫೈಯರ್ ಕೊನೆಗೆ ಬಿಚ್ಚಿದ್ದು ಯಾರು?"

"ನಾನೇ ಮೇಡಂ. ಮೂರು ವಾರ ಆಯ್ತು. ವಾಲ್ಯೂಮ್ ತಿರುಪು ಕರಕರ ಅಂತಿತ್ತು. ಬೇರೆ ಹಾಕಿದೆ."

"ಒಳಗೆ ಕರೆಂಟಿನ ವೈರು ಬಿರುಕು ಬಿಟ್ಟಿದೆ. ತಂತಿ ತಗಡಿಗೆ ತಾಗಿದೆ. ಇಡೀ ಡಬ್ಬಕ್ಕೆ ಕರೆಂಟ್ ಬಂದಿದೆ. ನೀವು ನೋಡಿರಲಿಲ್ವಾ?"

ಬೆಸುಗೆಪ್ಪ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟ.

ನೋಡಿದ್ದ. ಅದೇ ಸಂಕಟ. ವೈರು ಒಳಗೆ ನುಗ್ಗುವ ತೂತಿನ ಹತ್ತಿರ ರಬ್ಬರ್ ಒಣಗಿ ಚಕ್ಕೆ ಏಳುತ್ತಿತ್ತು. ಬದಲಾಯಿಸಬೇಕು ಅಂದುಕೊಂಡ. ಅಂಗಡಿಯಲ್ಲಿ ಅಷ್ಟು ಉದ್ದದ ವೈರು ಇರಲಿಲ್ಲ. ಅರ್ಥಿಂಗ್ ಇದೆಯಲ್ಲ, ಸೋರಿದ ಕರೆಂಟು ಮಣ್ಣಿಗಿಳಿಯುತ್ತೆ, ಏನಾಗುತ್ತೆ, ಮುಂದಿನ ಸಲ ನೋಡೋಣ ಅಂತ ಮುಚ್ಚಳದ ತಿರುಪು ಬಿಗಿದು ಕಳಿಸಿದ್ದ. ರಿಪೇರಿಯವರೆಲ್ಲ ಹೇಳಿಕೊಳ್ಳುವ ಸಮಾಧಾನ ಅದು: ಅರ್ಥಿಂಗ್ ಇದೆಯಲ್ಲ.

"ಗಮನಿಸಲಿಲ್ಲ ಮೇಡಂ" ಅಂದುಬಿಟ್ಟ. ಹೇಳಿದ ಮೇಲೆ ನಾಲಿಗೆ ಕಹಿಯಾಯಿತು.

"ಮನೆಯ ಅರ್ಥಿಂಗ್ ಸರಿ ಇದೆ. ಆ ಹೊಸ ಪೆಟ್ಟಿಗೆಯೂ ಸರಿ ಇದೆ. ವಿದ್ಯುತ್ ಇಲಾಖೆಯವರು ಮಧ್ಯಾಹ್ನವೇ ನೋಡಿಹೋದರು. ಉಳಿದಿದ್ದು ನೀವೊಬ್ಬರೇ."

"ಯಾವ ಪೆಟ್ಟಿಗೆ?"

"ಪವರ್ ಕಂಡೀಷನರ್. ಗೋಡೆಯ ಕರೆಂಟನ್ನ ಶುದ್ಧ ಮಾಡಿ ಕೊಡುತ್ತಂತೆ. ಧ್ವನಿ ಸುಧಾರಿಸುತ್ತೆ, ಸಾಮಾನು ಕಾಪಾಡುತ್ತೆ, ಹಾಗಂತ ಶೋರೂಮಿನವರು ಹೇಳಿ ಹತ್ತು ದಿನದ ಹಿಂದೆ ಕೊಟ್ಟಿದ್ದು. ಆ ಮನುಷ್ಯನೇ ಮುಂದೆ ಬಂದು, ಪರೀಕ್ಷೆ ಮಾಡಿಕೊಳ್ಳಿ ಅಂತ ಪೆಟ್ಟಿಗೆ ತೋರಿಸಿದ." ಮೇಡಂ ಎದ್ದರು. "ಮೇಷ್ಟ್ರ ಬಾಮೈದನೂ ಶನಿವಾರ ಬಂದು ಕೂಗಾಡಿ ಹೋಗಿದ್ದಾನೆ. ಅವನನ್ನೂ ವಿಚಾರಿಸ್ತೀನಿ. ಬುಧವಾರ ವರದಿ ಕಳಿಸಬೇಕು. ಅಲ್ಲಿವರೆಗೆ ಊರು ಬಿಡಬೇಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೆಸುಗೆಪ್ಪ ತನ್ನ ಎರಡೂ ಕೈ ನೋಡಿಕೊಂಡ. ಬೆರಳುಗಳ ಮೇಲೆ ಸುಟ್ಟ ಕಲೆಗಳು. ಈ ಕೈಯೇ ಮೇಷ್ಟ್ರನ್ನ ಕೊಂದದ್ದಾ? ಜೈಲಿನ ಭಯಕ್ಕಿಂತ ಆ ಪ್ರಶ್ನೆಯೇ ಅವನನ್ನು ಹಿಂಡುತ್ತಿತ್ತು.

ಅಂಗಡಿ ಮುಚ್ಚುವಾಗ ಇನ್ನೊಂದು ಮಾತು ತಲೆಗೆ ಬಂತು. ಬಂದದ್ದು ಹೋಗಲೇ ಇಲ್ಲ. ಅರ್ಥಿಂಗ್ ಸರಿ ಇದ್ದಿದ್ದರೆ, ತಂತಿ ತಗಡಿಗೆ ತಾಗಿದ ಕ್ಷಣವೇ ಟ್ರಿಪ್ ಸ್ವಿಚ್ ಬಿದ್ದು ಕರೆಂಟು ಹೋಗಬೇಕಿತ್ತು. ದೀಪ ಆರಬೇಕಿತ್ತು. ಬಾಗಿಲು ತಳ್ಳಿದಾಗ ದೀಪ ಉರಿಯುತ್ತಿತ್ತು ಅಂತ ಅಕ್ಕನೇ ಹೇಳಿದ್ದರಲ್ಲ?

* * *

ಮೇಷ್ಟ್ರ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಚೆನ್ನಾಗಿ ಹಾಡುತ್ತಿದ್ದ ಹೆಣ್ಣುಮಗಳು. ಉಳಿದದ್ದು ಒಂದೇ ಕ್ಯಾಸೆಟ್. ಅದನ್ನು ಅದೇ ಕೋಣೆಯಲ್ಲಿ, ತನ್ನ ಮೈಕು ತಂದು ರೆಕಾರ್ಡ್ ಮಾಡಿದ್ದೂ ಬೆಸುಗೆಪ್ಪನೇ. ಕ್ಯಾಸೆಟ್ ಸವೆಯುತ್ತೆ ಅಂತ ಮೇಷ್ಟ್ರು ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ಅಲ್ಲಿಂದ ಒಂದು ವೈರು ಆಂಪ್ಲಿಫೈಯರಿಗೆ. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿಗೆ, ಆಂಪ್ಲಿಫೈಯರ್ ಎದುರು ಗೋಡೆಯದಕ್ಕೆ. ಅಲ್ಲೇ ಬಂದದ್ದು ಗ್ರಹಚಾರ. ಎರಡು ಕಡೆಯ ಅರ್ಥಿಂಗ್ ಆ ವೈರಿನಲ್ಲಿ ಸೇರಿ ಸ್ಪೀಕರಿನಲ್ಲಿ ಸದಾ ಗುಂಯ್ ಅನ್ನುವ ಸದ್ದು. ಹಾಡಿನ ನಯವಾದ ಜಾಗಗಳೆಲ್ಲ ಅದರಡಿ ಮುಳುಗುತ್ತಿದ್ದವು.

"ಹೆಡ್‌ಫೋನ್ ಹಾಕ್ಕೊಳ್ಳಿ ಮೇಷ್ಟ್ರೇ" ಅಂದಿದ್ದ ಬೆಸುಗೆಪ್ಪ.

"ಅವಳು ಹಾಡಿದ್ದು ಈ ಕೋಣೆಯಲ್ಲಿ ಕಣಯ್ಯಾ. ನನ್ನ ತಲೆಯೊಳಗಲ್ಲ."

"ಹಾಗಾದ್ರೆ ಎರಡನ್ನೂ ಒಂದೇ ಸಾಕೆಟ್ಟಿಗೆ ತರಬೇಕು. ಹತ್ತು ನಿಮಿಷದ ಕೆಲಸ. ಈ ಭಾನುವಾರ ಬರ್ತೀನಿ."

ಆ ಭಾನುವಾರ ಹೋಗಲಿಲ್ಲ. ಮುಂದಿನದಕ್ಕೂ ಹೋಗಲಿಲ್ಲ. ಕಾದು ಕಾದು ಮೇಷ್ಟ್ರು ಪೆಟ್ಟಿಗೆ ಕೊಂಡರು. ಸಾಯುವ ಎರಡು ದಿನ ಮುಂಚೆ ಫೋನ್ ಮಾಡಿದ್ದರು. ದನಿಯಲ್ಲಿ ಮಕ್ಕಳ ಸಂಭ್ರಮ. "ಗುಂಯ್ ಪೂರ್ತಿ ಹೋಯ್ತು ಮಾರಾಯಾ. ಹಾಡಿಗೆ ಮುಂಚೆ ಏನೋ ಇದೆ. ಇಷ್ಟು ವರ್ಷ ಕೇಳಿಸಿರಲೇ ಇಲ್ಲ. ನೀನು ಬಾ, ನೀನೇ ಕೇಳಬೇಕು ಅದನ್ನ."

"ಭಾನುವಾರ ಬರ್ತೀನಿ" ಅಂದಿದ್ದ ಬೆಸುಗೆಪ್ಪ. ಬಂದದ್ದು ಭಾನುವಾರವೇ, ಹೆಣ ನೋಡುವುದಕ್ಕೆ.

* * *

ಮಂಗಳವಾರ ಮಧ್ಯಾಹ್ನ ಅಕ್ಕ ಹೇಳಿಕಳಿಸಿದರು. ಹೋದರೆ, ಬಾಗಿಲಲ್ಲಿ ಬಾಮೈದ ಕೂತಿದ್ದ. ಸತ್ತ ಹೆಂಡತಿಯ ತಮ್ಮ, ಟೈಲರ್. ಕಣ್ಣು ಕೆಂಪಗಿತ್ತು.

"ಪೊಲೀಸರು ಎರಡು ಗಂಟೆ ಕೂರಿಸಿದ್ರು ಅಣ್ಣಾ. ನಾನು ಭಾವನ ಹತ್ರ ಜಗಳ ಆಡಿದ್ದು ನಿಜ. ನಮ್ಮಕ್ಕ ಹಾಡಿದ ಕ್ಯಾಸೆಟ್ ನನಗೆ ಕೊಡಿ ಅಂದೆ. ಕೂಗಾಡಿದೆ. ಕೊನೆಗೆ ಅವರೇ ಕೊಟ್ರು." ಜೇಬಿನಿಂದ ಕ್ಯಾಸೆಟ್ ತೆಗೆದು ತೋರಿಸಿದ. "ನಾನು ವೈರು ಮುಟ್ಟೋನಾ? ನಮ್ಮನೆ ಬಲ್ಬ್ ಹೋದ್ರೆ ನಿಮಗೇ ಫೋನ್ ಮಾಡ್ತೀನಲ್ಲ."

ಅದಂತೂ ಸತ್ಯ. ಈ ಪುಣ್ಯಾತ್ಮ ಫ್ಯಾನಿನ ಸ್ವಿಚ್ ಹಾಕುವಾಗಲೂ ಚಪ್ಪಲಿ ಹಾಕಿಕೊಳ್ಳುವವನು.

ಅಕ್ಕ ಒಳಗಿನಿಂದ ಕರೆದರು. "ಬೆಸುಗೆಪ್ಪಾ, ನನಗೊಂದ್ಸಲ ಅವಳ ಹಾಡು ಕೇಳಿಸು. ಅವನು ಕೊನೆಗೆ ಕೇಳಿದ್ದು ಅದೇ ಅಲ್ವಾ?"

ಸತ್ತವರ ಆಂಪ್ಲಿಫೈಯರ್ ಠಾಣೆಯಲ್ಲಿತ್ತು. ಬೆಸುಗೆಪ್ಪ ಅಂಗಡಿಯಿಂದ ಅಂಥದ್ದೇ ಇನ್ನೊಂದನ್ನು ತಂದ. ಕಂಪ್ಯೂಟರಿನ ವೈರು ಸಿಕ್ಕಿಸಿದ. ಪವರ್ ಕಂಡೀಷನರ್ ಕಪ್ಪಗೆ, ಭಾರವಾಗಿ, ಮುಂದೆ ಒಂದು ನೀಲಿ ದೀಪ ಇಟ್ಟುಕೊಂಡು ಅಲ್ಲೇ ಕೂತಿತ್ತು. ಅದಕ್ಕೇ ಪ್ಲಗ್ ಹಾಕಿದ. ಸ್ವಿಚ್ ಒತ್ತಿದ.

ಗುಂಯ್…

ಕಿಟಕಿಯ ಗಾಜೂ ಸಣ್ಣಗೆ ನಡುಗಿತು. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮುಖ ಬಿಳುಚಿತು.

"ಬಂದಳು" ಅಂದರು ಮೆಲ್ಲಗೆ. "ಹಾಡೋಕೆ ಮುಂಚೆ ಹೀಗೇ ತುಟಿ ಮುಚ್ಚಿ ಶ್ರುತಿ ಹಿಡಿಯೋಳು. ನಿನಗೆ ನೆನಪಿಲ್ವಾ? ಈ ಹತ್ತು ದಿನ ಈ ಸದ್ದು ಇರಲಿಲ್ಲ. ಕೋಣೆ ಗಪ್‌ಚಿಪ್ಪಾಗಿತ್ತು. ಅವನನ್ನ ಕರೆದುಕೊಂಡು ಹೋದಳು. ಈಗ ಮತ್ತೆ ಬಂದಿದ್ದಾಳೆ."

ಬೆಸುಗೆಪ್ಪನ ಮೈಯ ಕೂದಲು ನಿಮಿರಿತು. ಮೂವತ್ತು ವರ್ಷ ಈ ಸದ್ದಿನ ಜೊತೆಯೇ ಬದುಕಿದವನು ಅವನು. ಆದರೂ ಆ ಕೋಣೆಯಲ್ಲಿ, ಮೇಷ್ಟ್ರು ಒರಗಿದ್ದ ನೆಲದ ಮೇಲೆ ಮಂಡಿಯೂರಿ ಕೂತು ಕೇಳಿದಾಗ, ಅದು ನಿಜವಾಗಿಯೂ ಹೆಂಗಸಿನ ಗಂಟಲಿನ ಹಾಗೆಯೇ ಕೇಳಿಸಿತು. ಬಿಟ್ಟು ಓಡಿಹೋಗಬೇಕು ಅನ್ನಿಸಿತು.

ಓಡಲಿಲ್ಲ. ಕೈ ತನ್ನಷ್ಟಕ್ಕೆ ಕೆಲಸಕ್ಕಿಳಿಯಿತು.

ಪ್ಲಗ್ ಕಿತ್ತು ನೇರ ಗೋಡೆಗೆ ಹಾಕಿದ. ಗುಂಯ್. ಮತ್ತೆ ಪೆಟ್ಟಿಗೆಗೆ ಹಾಕಿದ. ಅಷ್ಟೇ ಗುಂಯ್, ಒಂದು ಕೂದಲೆಳೆ ಕಮ್ಮಿಯಿಲ್ಲ. ಅಂದರೆ ಈ ಪೆಟ್ಟಿಗೆಗೆ ಗುಂಯ್ ತೆಗೆಯೋಕೆ ಬರುವುದೇ ಇಲ್ಲ. ಹಾಗಾದರೆ ಹತ್ತು ದಿನ ತೆಗೆದದ್ದು ಯಾವುದು?

ಪ್ಲಗ್ ಕಿತ್ತು, ಬಿಚ್ಚಿ, ಅರ್ಥಿಂಗಿನ ಹಸಿರು ವೈರು ಕಳಚಿದ. ಮತ್ತೆ ಹಾಕಿದ. ಸದ್ದು ಪಟ್ ಅಂತ ನಿಂತಿತು. ಕೋಣೆ ಮೌನವಾಯಿತು. ಆ ಮೌನ ಗುಂಯ್‌ಗಿಂತ ಭಯ ಹುಟ್ಟಿಸಿತು. ಕೂಡಲೇ ಸ್ವಿಚ್ ಆಫ್ ಮಾಡಿ ಹಸಿರು ವೈರನ್ನು ಮೊದಲಿದ್ದಲ್ಲೇ ಬಿಗಿದ.

"ಅಕ್ಕಾ, ಭಾನುವಾರ ಆ ಶೋರೂಮಿನವನು ಬಂದಾಗ ಕೈಯಲ್ಲಿ ಏನಿತ್ತು?"

"ಹೆಗಲಿಗೊಂದು ದೊಡ್ಡ ಚೀಲ. ಭಾರ ಇತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡ್ತಿದ್ದ."

"ಹೋಗುವಾಗ?"

"ಆಗಲೂ ಭಾರವೇ."

"ನೀವು ಫೋನ್ ಮಾಡಿದಾಗ ಅವನು ಏನಂದ?"

"'ಯಾರೂ ಮುಟ್ಟಬೇಡಿ, ಯಾರನ್ನೂ ಕರೀಬೇಡಿ, ಅವರಿಗೂ ಶಾಕ್ ಹೊಡೆಯುತ್ತೆ, ನಾನೇ ಬರ್ತೀನಿ' ಅಂದ. ನಾನು ಕಾಲು ಗಂಟೆ ಹೀಗೇ ನಿಂತ್ಕೊಂಡು ತಮ್ಮನನ್ನ ನೋಡ್ತಾ ಇದ್ದೆ ಬೆಸುಗೆಪ್ಪಾ. ಟೀ ಆರಿಹೋಯ್ತು."

ಬೆಸುಗೆಪ್ಪ ಪೆಟ್ಟಿಗೆಯನ್ನು ಬೋರಲು ಮಾಡಿದ. ತಳ ಹೊಳೆಯುತ್ತಿತ್ತು. ಗಡಿಯಾರ ತಿರುಗಿಸಿ ನೋಡಿದ. ಕುರ್ಚಿ ತಿರುಗಿಸಿ ನೋಡಿದ. ಸ್ಪೀಕರಿನ ಬೆನ್ನು ನೋಡಿದ. ಎಲ್ಲದರ ಮೇಲೂ ಕೆಂಪು ಪೆನ್ಸಿಲಿನಲ್ಲಿ ತಾರೀಕು, ಪಕ್ಕದಲ್ಲಿ ಒಂದೇ ಪದ: 'ನೋಡಿದೆ'. ಮಕ್ಕಳ ಪುಸ್ತಕ ತಿದ್ದಿ ತಿದ್ದಿ ಅಂಟಿಕೊಂಡ ಚಾಳಿ. ಮನೆಗೆ ಹೊಸದಾಗಿ ಏನೇ ಬಂದರೂ ಮೇಷ್ಟ್ರು ರುಜು ಹಾಕದೆ ಬಿಡುತ್ತಿರಲಿಲ್ಲ.

"ನನ್ನ ಪೊರಕೆಗೂ ಬರೆದಿದ್ದ" ಅಂದರು ಅಕ್ಕ.

ಪೆಟ್ಟಿಗೆಯ ಮೇಲೆ ಮಾತ್ರ ಏನೂ ಇರಲಿಲ್ಲ. ಬೆಸುಗೆಪ್ಪ ಠಾಣೆಗೆ ಫೋನ್ ಮಾಡಿದ.

* * *

ಬುಧವಾರ ಹನ್ನೊಂದು ಗಂಟೆಗೆ ಶೋರೂಮಿಗೆ ಒಬ್ಬ ಗಿರಾಕಿ ಬಂದರು. ಹತ್ತಿ ಸೀರೆ, ಕೈಯಲ್ಲಿ ಕೊಡೆ. ಜೊತೆಗೆ, ಮುದುರಿದ ಅಂಗಿಯಲ್ಲಿ ಅವರ ಅಣ್ಣನಾಗಿ ಬೆಸುಗೆಪ್ಪ. ಭಾನುವಾರ ಖಾಕಿಯಲ್ಲಿ ನೋಡಿದ್ದ ಮುಖ ಸೀರೆಯಲ್ಲಿ ಅಂಗಡಿಯವನಿಗೆ ಗುರುತು ಸಿಗಲಿಲ್ಲ. ಅವನು ನೋಡುವುದು ಮುಖವನ್ನಲ್ಲ, ಗಿರಾಕಿಯನ್ನು.

"ಮನೇಲಿ ಸ್ಪೀಕರ್ ಗುಂಯ್ ಅನ್ನುತ್ತೆ" ಅಂದರು ಮೇಡಂ.

"ಎಲ್ಲರ ಮನೆಯಲ್ಲೂ ಅದೇ ಕಥೆ ಮೇಡಂ. ಕೊಳಕು ಕರೆಂಟು." ಶೋರೂಮಿನವನ ದನಿ ಬೆಣ್ಣೆ. ಒಳಕೋಣೆಗೆ ಕರೆದೊಯ್ದ. ಗೋಡೆಗೆಲ್ಲ ಮೆತ್ತನೆಯ ಬಟ್ಟೆ, ನೆಲಕ್ಕೆ ಜಮಖಾನ. ಕಂಪ್ಯೂಟರಿಗೆ ಜೋಡಿಸಿದ್ದ ಆಂಪ್ಲಿಫೈಯರ್ ಹಾಕಿದ. ಗುಂಯ್. "ಕೇಳಿದ್ರಲ್ಲ? ಈಗ ನೋಡಿ." ಪ್ಲಗ್ ಕಿತ್ತು ಕಪ್ಪು ಪೆಟ್ಟಿಗೆಗೆ ಹಾಕಿದ. ಮೌನ.

"ಅಬ್ಬಾ" ಅಂದರು ಮೇಡಂ.

"ಸಾಮಾನಿಗೂ ರಕ್ಷಣೆ. ಒಂದು ಕಿವಿಮಾತು, ಆಂಪ್ಲಿಫೈಯರ್ ಯಾವತ್ತೂ ಆಫ್ ಮಾಡಬೇಡಿ. ಬೆಚ್ಚಗಿದ್ರೇನೇ ಧ್ವನಿಗೆ ಜೀವ. ಪೆಟ್ಟಿಗೆ ಇರೋವಾಗ ಯಾವ ಭಯವೂ ಇಲ್ಲ."

ಭಾನುವಾರ ಭಾನುವಾರ ವೈರಿನ ಪಿನ್ನುಗಳನ್ನು ಹತ್ತಿಯಲ್ಲಿ ಒರೆಸುವುದು ಮೇಷ್ಟ್ರ ರೂಢಿ. ಮೊದಲೆಲ್ಲ ಆಫ್ ಮಾಡಿ ಒರೆಸುತ್ತಿದ್ದರು. ಈ ಸಲ ಏಕೆ ಆಫ್ ಮಾಡಿರಲಿಲ್ಲ ಅಂತ ಬೆಸುಗೆಪ್ಪನಿಗೆ ಈಗ ತಿಳಿಯಿತು.

"ಇದರ ತಳ ನೋಡಬಹುದಾ?" ಅಂದರು ಮೇಡಂ.

"ತಳದಲ್ಲಿ ಏನಿರುತ್ತೆ ಮೇಡಂ, ನಾಲ್ಕು ರಬ್ಬರ್ ಕಾಲು."

ಬೆಸುಗೆಪ್ಪ ಆಗಲೇ ಪ್ಲಗ್ ಕಿತ್ತು ಪೆಟ್ಟಿಗೆ ಎತ್ತಿದ್ದ. ಬೋರಲು ಮಾಡಿ ಜಮಖಾನದ ಮೇಲಿಟ್ಟ. ನಾಲ್ಕು ರಬ್ಬರ್ ಕಾಲು. ನಡುವೆ ಕೆಂಪು ಪೆನ್ಸಿಲ್. ಹದಿಮೂರು ದಿನ ಹಿಂದಿನ ತಾರೀಕು. 'ನೋಡಿದೆ'.

ಶೋರೂಮಿನವನು ಅದನ್ನೇ ನೋಡುತ್ತಾ ನಿಂತ. ಅಕ್ಷರಗಳು ದುಂಡಗಿದ್ದವು. ಸತ್ತವರು ತಿದ್ದಿ ಇಟ್ಟ ಹಾಗಿತ್ತು.

* * *

ಸ್ಕ್ರೂಡ್ರೈವರ್ ಬೆಸುಗೆಪ್ಪನ ಜೇಬಿನಲ್ಲೇ ಇತ್ತು. ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ತೂಕಕ್ಕೆ ಒಂದು ಕಬ್ಬಿಣದ ತುಂಡು. ನೀಲಿ ದೀಪಕ್ಕೆ ಎರಡು ತಂತಿ. ಹಸಿರು ವೈರನ್ನು ಅರ್ಧಕ್ಕೆ ಕತ್ತರಿಸಿ ಟೇಪ್ ಸುತ್ತಲಾಗಿತ್ತು.

"ಅರ್ಥಿಂಗ್ ಅಂದ್ರೆ ಮನೆಯ ಹಿಂಬಾಗಿಲು ಇದ್ದ ಹಾಗೆ ಮೇಡಂ. ದಾರಿ ತಪ್ಪಿದ ಕರೆಂಟು ಅಲ್ಲಿಂದ ಮಣ್ಣಿಗೆ ಇಳಿಯುತ್ತೆ, ಇಳೀತಾ ಟ್ರಿಪ್ ಬೀಳಿಸುತ್ತೆ. ಈ ಮಹಾಶಯ ಆ ಬಾಗಿಲಿಗೇ ಇಟ್ಟಿಗೆ ಕಟ್ಟಿದ್ದಾನೆ. ಎರಡು ಅರ್ಥಿಂಗ್ ಸೇರಿದ್ರೆ ಗುಂಯ್, ಒಂದನ್ನ ಕತ್ತರಿಸಿದ್ರೆ ಮೌನ. ಗಿರಾಕಿಗೆ ಪವಾಡ ಕಂಡ ಹಾಗಾಗುತ್ತೆ. ಮೇಷ್ಟ್ರು ಭಾನುವಾರ ಒರೆಸೋಕೆ ಅಂತ ಕಂಪ್ಯೂಟರಿನ ವೈರು ಕಿತ್ತರು. ಆಂಪ್ಲಿಫೈಯರಿಗೆ ಉಳಿದಿದ್ದ ಕೊನೆಯ ಅರ್ಥಿಂಗೂ ಅಲ್ಲಿಗೆ ಹೋಯ್ತು. ಆಂಪ್ಲಿಫೈಯರನ್ನ ತಿರುಗಿಸಿದಾಗ ಒಳಗಿನ ತಂತಿ ತಗಡಿಗೆ ತಾಗಿತು. ಒಂದು ಕೈ ಅದರ ಮೇಲೆ, ಇನ್ನೊಂದು ಕಂಪ್ಯೂಟರಿನ ಮೇಲೆ. ಮೈಯೇ ದಾರಿಯಾಯ್ತು. ಮೈಯಲ್ಲಿ ಹರಿದಷ್ಟು ಕರೆಂಟು ಟ್ರಿಪ್ ಬೀಳಿಸೋಕೆ ಸಾಲದು, ಪ್ರಾಣ ತೆಗೆಯೋಕೆ ಸಾಕು."

ಮೇಡಂ ಶೋರೂಮಿನವನ ಕಡೆ ತಿರುಗಿದರು. "ಫೋನ್ ಬಂದ ಕೂಡಲೇ ನಿಮಗೆ ಗೊತ್ತಾಯ್ತು. ಅಂಗಡಿಯಿಂದ ಒಂದು ಸರಿಯಾದ ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ಹೋದ್ರಿ. ಅಕ್ಕನನ್ನ ಕೆಳಗೆ ಕಳಿಸಿ ಬದಲಾಯಿಸಿದ್ರಿ. ಆಮೇಲೆ ನಮ್ಮನ್ನೇ ಕರೆದು ತೋರಿಸಿದ್ರಿ, ಪರೀಕ್ಷೆ ಮಾಡಿ ಅಂತ."

"ಎಲ್ಲಾ ಅಂಗಡಿಯವರೂ ಹೀಗೇ ಮಾಡ್ತಾರೆ" ಅಂದ. ಬೆಣ್ಣೆ ಕರಗಿಹೋಗಿತ್ತು. "ಗುಂಯ್ ಹೋದ್ರೆ ಸಾಕು ಅಂತಾರೆ ಗಿರಾಕಿಗಳು. ನಾನೇನು ಕೊಲ್ಲೋಕೆ ಮಾಡಿದ್ನಾ? ನಾನು ಹೋಗೋ ಹೊತ್ತಿಗೆ ಅವರು ಸತ್ತಿದ್ರು."

"ಫೋನ್ ಬಂದಾಗ?"

ಅವನು ಬಿಚ್ಚಿಟ್ಟ ಮುಚ್ಚಳವನ್ನು ಮತ್ತೆ ಪೆಟ್ಟಿಗೆಯ ಮೇಲಿಡಲು ಹೋದ.

"'ಮೇನ್ ಆಫ್ ಮಾಡಿ, ಡಾಕ್ಟರನ್ನ ಕರೀರಿ.' ಇಷ್ಟು ಹೇಳಿದ್ರೆ ಸಾಕಿತ್ತು. ಡಾಕ್ಟರ್ ಅದೇ ಕಟ್ಟಡದ ಕೆಳಗಿದ್ದಾರೆ. ಪೆಟ್ಟಿಗೆ ಉಳಿಸಿಕೊಳ್ಳೋಕೆ ಕಾಲು ಗಂಟೆ ಆ ಮನುಷ್ಯನನ್ನ ಕರೆಂಟಿನಲ್ಲೇ ಬಿಟ್ರಿ. ಬದಲಾಯಿಸಿ ತಂದ ಪೆಟ್ಟಿಗೆಯನ್ನಾದ್ರೂ ಎಸೆದ್ರಾ? ಇಲ್ಲ. ಮಾರೋಕೆ ಇಟ್ರಿ." ಮೇಡಂ ಬಾಗಿಲಲ್ಲಿದ್ದ ಪೇದೆಗೆ ಸನ್ನೆ ಮಾಡಿದರು. "ಇಂಥ ಪೆಟ್ಟಿಗೆ ಇನ್ನೆಷ್ಟು ಮನೆಯಲ್ಲಿವೆ? ಪಟ್ಟಿ ಬೇಕು. ಈಗಲೇ."

ಹನ್ನೆರಡು ಮನೆಗಳಿದ್ದವು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಆದರೆ ಇವನು ಮಾಡಿದ್ದನ್ನು ಬೇರೆಯವರು ಉಣ್ಣುತ್ತಿದ್ದರು. ಸಂಜೆಯೊಳಗೆ ಬೆಸುಗೆಪ್ಪ ಪೇದೆಯ ಜೊತೆ ಹನ್ನೆರಡೂ ಮನೆ ತಿರುಗಿ ಪ್ಲಗ್ ಕಿತ್ತು ಬಂದ.

ಠಾಣೆಯಲ್ಲಿ ಮೇಡಂ ವರದಿ ಬರೆಯುತ್ತಿದ್ದರು. "ನಿಜವಾದ ಪೆಟ್ಟಿಗೆಯಿಂದ ಧ್ವನಿ ಸುಧಾರಿಸುತ್ತಾ?" ತಲೆಯೆತ್ತದೆ ಕೇಳಿದರು.

"ಒಳ್ಳೆಯದಾದ್ರೆ ಕರೆಂಟಿನ ಏರುಪೇರು ತಡೆಯುತ್ತೆ ಮೇಡಂ. ಧ್ವನಿ, ಕೊಂಡವನ ಕಿವಿಗೆ ಸುಧಾರಿಸುತ್ತೆ."

"ಸರಿ. ನಿಮ್ಮ ಮೇಲೆ ಏನೂ ಇಲ್ಲ. ಹೋಗಿ."

ಬೆಸುಗೆಪ್ಪ ಹೋಗಲಿಲ್ಲ. ಮೇಜಿನ ಅಂಚು ಹಿಡಿದು ನಿಂತ.

"ಮೇಡಂ, ಅವತ್ತು ಸುಳ್ಳು ಹೇಳಿದೆ. ಆ ವೈರು ಬಿರುಕು ಬಿಟ್ಟಿದ್ದು ನಾನು ನೋಡಿದ್ದೆ. ಅರ್ಥಿಂಗ್ ಇದೆಯಲ್ಲ ಅಂತ ಹಾಗೇ ಬಿಟ್ಟೆ."

ಪೆನ್ನು ನಿಂತಿತು. ಮೇಡಂ ತಲೆಯೆತ್ತಿದರು.

"ಇದನ್ನ ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನನಗೆ ಗೊತ್ತಿತ್ತಲ್ಲ."

ಮೇಡಂ ಹೊಸ ಹಾಳೆ ತೆಗೆದರು. "ಹೇಳಿ, ಬರೆದುಕೊಳ್ತೀನಿ. ಕೆಳಗೆ ರುಜು ಹಾಕಬೇಕು. ಮುಂದೇನು ಅನ್ನೋದು ಕೋರ್ಟಿಗೆ ಬಿಟ್ಟಿದ್ದು."

ಅವನು ಹೇಳಿದ. ರುಜು ಹಾಕಿದ.

* * *

ಮುಂದಿನ ಭಾನುವಾರ ಬೆಳಿಗ್ಗೆ ಬೆಸುಗೆಪ್ಪ ಅಕ್ಕನ ಮನೆಗೆ ಹೋದ. ಮೊದಲು ವೈರಿನ ವಿಷಯ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಅಕ್ಕ ಕೇಳಿಸಿಕೊಂಡರು. ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮಾಡೋಕೆ ಬಂದ ಕೆಲಸ ಮಾಡು" ಅಂದರು.

ಎದುರು ಗೋಡೆಯ ಸಾಕೆಟ್ಟಿನಿಂದ ಆಂಪ್ಲಿಫೈಯರನ್ನು ಕಿತ್ತು, ಕಂಪ್ಯೂಟರ್ ಇದ್ದ ಸಾಕೆಟ್ಟಿಗೇ ಎರಡನ್ನೂ ತಂದ. ಅರ್ಥಿಂಗ್ ಎರಡಕ್ಕೂ ಗಟ್ಟಿಯಾಗಿತ್ತು. ಮೂರು ಸಲ ನೋಡಿದ. ಸ್ವಿಚ್ ಒತ್ತಿದ. ಗುಂಯ್ ಇಲ್ಲ. ಹತ್ತು ನಿಮಿಷವೂ ಹಿಡಿದಿರಲಿಲ್ಲ. ಬಾಮೈದ ಚಪ್ಪಲಿ ಹಾಕಿಕೊಂಡೇ ಮೂಲೆಯಲ್ಲಿ ನಿಂತಿದ್ದ.

ಅಕ್ಕ ಹಾಡು ಶುರು ಮಾಡು ಅಂದರು.

ಮೊದಲು ಬರೀ ಕೋಣೆಯ ಮೌನ. ಇದೇ ಕೋಣೆ, ಹದಿನಾರು ವರ್ಷದ ಹಿಂದಿನದು. ಚಾಪೆ ಸರಿಸಿದ ಸದ್ದು. ಬಳೆ. ಆಮೇಲೆ ಬಹಳ ಮೆಲ್ಲಗೆ, ನಗು ತಡೆದುಕೊಂಡ ಹೆಣ್ಣುದನಿ:

"ಬೆಸುಗೆಪ್ಪಣ್ಣಾ, ಈ ಮೈಕು ಮುಟ್ಟಬಹುದಾ? ಶಾಕ್ ಗೀಕ್ ಹೊಡೆಯಲ್ಲ ತಾನೇ?"

ಅದಕ್ಕೊಂದು ಗಂಡುದನಿ. ಎಳೆಯದು, ಗಟ್ಟಿಯಾದದ್ದು, ಯಾವ ಅನುಮಾನವೂ ಇಲ್ಲದ್ದು. ತನ್ನದೇ ಅಂತ ಬೆಸುಗೆಪ್ಪನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ನಾನಿದ್ದೀನಲ್ಲಮ್ಮಾ. ಧೈರ್ಯವಾಗಿ ಹಾಡಿ."

ಹಾಡು ಶುರುವಾಯಿತು. ಬೆಸುಗೆಪ್ಪನ ಕೈ ಸ್ವಿಚ್ಚಿನ ಕಡೆ ಹೋಯಿತು. ಅಕ್ಕ ಆ ಕೈ ಹಿಡಿದುಕೊಂಡರು.

"ಅವನು ನಿನಗೆ ಕೇಳಿಸಬೇಕು ಅಂದಿದ್ದು ಇದನ್ನೇ. ಪೂರ್ತಿ ಕೇಳು" ಅಂದರು. "ಕೂತ್ಕೋ."

ಬೆಸುಗೆಪ್ಪ ನೆಲದ ಮೇಲೆ ಕೂತ.